ಶೇಂಗಾ ಅಲರ್ಜಿ ಇರುವ ಮಗನನ್ನು ಥೀಮ್ ಪಾರ್ಕ್‌ಗೆ ಕರೆದೊಯ್ಯಬಹುದಾ?

ನೀವು ಕೇಳಿದ್ದು ಇಷ್ಟು: ಮಗನಿಗೆ ಐದು ವರ್ಷ, ಶೇಂಗಾ ಆಗಲ್ಲ. ಬೇಸಿಗೆ ರಜೆಯಲ್ಲಿ ಜಮಖಂಡಿಯಿಂದ ಬೆಂಗಳೂರಿಗೆ ಹೋಗಿ ಥೀಮ್ ಪಾರ್ಕ್ ತೋರಿಸಬೇಕು. ಹೊರಗಿನ ಊಟ ಒಳಗೆ ಬಿಡಲ್ಲ ಅಂತಾರೆ, ಒಳಗಿನ ಊಟ ಕೊಡೋಕೆ ನಿಮಗೆ ಧೈರ್ಯ ಇಲ್ಲ. ಹೋಗೋದಾ, ಬಿಡೋದಾ?

ಹೋಗಿ. ನನ್ನ ಮಗಳಿಗೆ ಈಗ ಒಂಬತ್ತು ವರ್ಷ, ಅವಳಿಗೂ ಶೇಂಗಾ ಅಲರ್ಜಿ. ನಾವಿರುವುದು ಬಾಗಲಕೋಟೆ ನವನಗರದಲ್ಲಿ. ಇಲ್ಲಿಂದ ಎರಡು ಸಲ ಬೆಂಗಳೂರಿನ ಹತ್ತಿರದ ವಾಟರ್ ಪಾರ್ಕ್‌ಗೆ ಹೋಗಿ ಬಂದಿದ್ದೇವೆ. ನನ್ನ ಕೇಳಿದರೆ ಪಾರ್ಕ್‌ಗಿಂತ ನಮ್ಮ ಕಡೆಯ ಮದುವೆ ಊಟವೇ ಕಷ್ಟ. ನೀವೇ ಲೆಕ್ಕ ಹಾಕಿ. ರೊಟ್ಟಿ ಜೊತೆ ಶೇಂಗಾ ಹಿಂಡಿ. ಎಣ್ಣೆಗಾಯಿ ಬದನೆಕಾಯಿ ಹೊಟ್ಟೆಯಲ್ಲಿ ಶೇಂಗಾ ಪುಡಿ. ಒಗ್ಗರಣೆ ಅವಲಕ್ಕಿಯಲ್ಲಿ ಶೇಂಗಾ. ಉಪವಾಸ ಅಂತ ಸಾಬೂದಾಣಿ ಮಾಡಿದರೆ ಅದರಲ್ಲೂ ಶೇಂಗಾ. ಹಬ್ಬ ಬಂದರೆ ಶೇಂಗಾ ಹೋಳಿಗೆ. ಇಂಥ ಊರಲ್ಲಿ ಐದು ವರ್ಷ ಮಗನನ್ನು ಕಾಪಾಡಿಕೊಂಡು ಬಂದಿದ್ದೀರಿ. ಒಂದು ದಿನದ ಪಾರ್ಕ್ ನಿಮಗೆ ದೊಡ್ಡದಲ್ಲ.

ಆದರೆ ಒಂದು ತಪ್ಪು ನಾನು ಮಾಡಿದ್ದೇನೆ, ಅದನ್ನು ಮೊದಲು ಹೇಳಿಬಿಡ್ತೀನಿ. ಮಗಳಿಗೆ ಆಗ ನಾಲ್ಕು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿದ್ದೆವು. ತೊಟ್ಟಿಲಲ್ಲಿ ಕೂತು ಇಳಿದ ಮೇಲೆ ಹಸಿವು ಅಂದಳು. ಗಿರಮಿಟ್ ಅಂಗಡಿ ಕಂಡಿತು. "ಶೇಂಗಾ ಹಾಕಬ್ಯಾಡ್ರಿ, ಹುಡುಗಿಗೆ ಆಗಂಗಿಲ್ಲ" ಅಂದೆ. "ಇಲ್ಲ ಬಿಡ್ರಿ ಯಕ್ಕಾ, ಹಾಕಂಗಿಲ್ಲ" ಅಂದ. ನಿಜವಾಗಿಯೂ ಹಾಕಲಿಲ್ಲ, ನಾನು ಕಣ್ಣಾರೆ ನೋಡಿದೆ. ನಾನು ನೋಡದೇ ಇದ್ದದ್ದು ಪಾತ್ರೆ. ಹಿಂದಿನ ಗಿರಾಕಿಗೆ ಶೇಂಗಾ ಹಾಕಿ ಕಲಸಿದ ಅದೇ ಸ್ಟೀಲ್ ಪಾತ್ರೆಯನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ, ಅದರಲ್ಲೇ ಇವಳಿಗೂ ಕಲಸಿದ್ದ. ಮಗಳು ಅರ್ಧ ತಿಂದಾದ ಮೇಲೆ ಆ ಪಾತ್ರೆಯ ಅಂಚಿಗೆ ಅಂಟಿಕೊಂಡಿದ್ದ ಶೇಂಗಾದ ಕೆಂಪು ಸಿಪ್ಪೆ ನನ್ನ ಕಣ್ಣಿಗೆ ಬಿತ್ತು. ಉಗುರಿನಷ್ಟು ಅಗಲ, ಅಷ್ಟೇ.

ಹತ್ತು ನಿಮಿಷದಲ್ಲಿ ತುಟಿ ಊದಿತು, ಕುತ್ತಿಗೆ ತುಂಬ ದದ್ದು, ಆಮೇಲೆ ವಾಂತಿ. ನನ್ನ ಚೀಲದಲ್ಲಿ ಅಲರ್ಜಿಯ ಸಿರಪ್ ಇತ್ತು. ಅದನ್ನು ಕುಡಿಸಿ, ಇಳಿಯುತ್ತೆ ಅಂತ ಕಾದೆ. ಅದೇ ನನ್ನ ತಪ್ಪು. ಕೆಮ್ಮು ಶುರುವಾಗಿ ಉಸಿರು ಎಳೆಯೋಕೆ ಹತ್ತಿದಾಗ ಬಾದಾಮಿಗೆ ಓಡಿದೆವು. ಡಾಕ್ಟರ್ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು, ಸ್ವಲ್ಪ ಹೊತ್ತಿನಲ್ಲೇ ಉಸಿರು ಸರಿಹೋಯಿತು. ರಾತ್ರಿ ಅಲ್ಲೇ ಇರಿಸಿಕೊಂಡರು, ಯಾಕಂದ್ರೆ ಒಮ್ಮೆ ಇಳಿದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಏರಬಹುದಂತೆ. "ಸಿರಪ್ ತುರಿಕೆಗೆ ಅಮ್ಮಾ, ಉಸಿರಿಗಲ್ಲ" ಅಂತ ಅವರು ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

ಅಲ್ಲಿಂದ ನಾನು "ಶೇಂಗಾ ಹಾಕೀರೇನ್ರಿ?" ಅಂತ ಕೇಳೋದನ್ನೇ ಬಿಟ್ಟೆ. ಆ ಪ್ರಶ್ನೆಗೆ ಎಲ್ಲರೂ ಇಲ್ಲ ಅಂತಲೇ ಹೇಳ್ತಾರೆ, ಸುಳ್ಳು ಹೇಳಬೇಕು ಅಂತಲ್ಲ, ಅವರ ಮನಸ್ಸಲ್ಲಿ ಕಾಳು ಹಾಕಿದರೆ ಮಾತ್ರ ಶೇಂಗಾ. ನಾನೀಗ ಕೇಳೋದು ಬೇರೆ. ಯಾವ ಎಣ್ಣೆ? ಈ ಬಾಂಡ್ಲಿಯಲ್ಲಿ ಬೆಳಿಗ್ಗೆಯಿಂದ ಏನೇನು ಕರಿದಿರಿ? ಇದನ್ನು ಯಾವುದರಲ್ಲಿ ರುಬ್ಬಿದಿರಿ? ಇದೇ ಸೌಟು ಚಟ್ನಿಗೂ ಹೋಗುತ್ತಾ? ಇಲ್ಲ ಎಂಬ ಒಂದೇ ಮಾತಲ್ಲಿ ಇದಕ್ಕೆ ಉತ್ತರ ಕೊಡೋಕೆ ಆಗಲ್ಲ. ಅವರು ಯೋಚಿಸಲೇಬೇಕು. ಯೋಚಿಸಿ "ತಡೀರಿ, ಒಳಗ ಕೇಳಿ ಬರ್ತೀನಿ" ಅಂದವರನ್ನು ನಾನು ನಂಬ್ತೀನಿ. ಥಟ್ಟನೆ "ಏನೂ ಆಗಂಗಿಲ್ಲ ತಗೋರಿ" ಅಂದರೆ ಅಲ್ಲಿ ನೀರೂ ಕುಡಿಸಲ್ಲ.

ಎಣ್ಣೆಯ ಮಾತು ಯಾಕೆ ಅಂದ್ರೆ, ನಮ್ಮ ಕಡೆ ಗಾಣದ ಶೇಂಗಾ ಎಣ್ಣೆ ಜಾಸ್ತಿ. ಅಲರ್ಜಿ ತರೋದು ಶೇಂಗಾದ ಪ್ರೋಟೀನ್. ಪೂರ್ತಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಅದು ಹೆಚ್ಚುಕಡಿಮೆ ಇರಲ್ಲ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ರಿಫೈನ್ಡ್ ಆದರೂ ನಿಮ್ಮ ಮಗನಿಗೆ ಕೊಡಬಹುದಾ ಅನ್ನೋದನ್ನು ಡಾಕ್ಟರೇ ಹೇಳಬೇಕು. ಕುದಿಯೋ ಎಣ್ಣೆಯಲ್ಲಿ ಎಲ್ಲ ಸತ್ತುಹೋಗುತ್ತೆ ಅನ್ನೋ ಮಾತು ನಮ್ಮ ಅತ್ತೆಯವರದ್ದೂ ಇತ್ತು. ಸಾಯಲ್ಲ. ಹುರಿದರೂ ಕರಿದರೂ ಆ ಪ್ರೋಟೀನ್ ಹಾಗೇ ಕೆಲಸ ಮಾಡುತ್ತೆ. "ಸ್ವಲ್ಪ ಸ್ವಲ್ಪ ತಿನ್ನಿಸು, ರೂಢಿ ಆಗ್ತದ" ಅನ್ನುವವರೂ ನಿಮ್ಮ ಮನೆಯಲ್ಲಿ ಇದ್ದೇ ಇರ್ತಾರೆ, ಅಲ್ವಾ? ಹಾಗೆ ರೂಢಿ ಮಾಡಿಸುವ ಚಿಕಿತ್ಸೆ ಇದೆ, ಆದರೆ ಅದು ಅಲರ್ಜಿ ಡಾಕ್ಟರ್ ನಿಗಾದಲ್ಲಿ ತೂಕ ಮಾಡಿ ಕೊಡುವ ಕೆಲಸ, ಅಡುಗೆಮನೆಯ ಕೆಲಸ ಅಲ್ಲ.

ಈಗ ಪಾರ್ಕ್ ವಿಷಯ. ಟಿಕೆಟ್ ತೆಗೆಯುವ ಮೊದಲೇ ಪಾರ್ಕ್‌ಗೆ ಮೇಲ್ ಹಾಕಿ. ಮಗುವಿಗೆ ಇಂಥ ಅಲರ್ಜಿ ಇದೆ, ಮನೆಯ ಊಟ ಮತ್ತು ಇಂಜೆಕ್ಷನ್ ತರ್ತೀವಿ, ಬಿಡ್ತೀರಾ ಅಂತ ನೇರವಾಗಿ ಕೇಳಿ. ಹೊರಗಿನ ಊಟ ಬೇಡ ಅನ್ನುವ ನಿಯಮ ಎಲ್ಲರಿಗೂ ಇರೋದು, ಡಾಕ್ಟರ್ ಚೀಟಿ ಇರುವ ಮಗುವಿನ ವಿಷಯ ಬೇರೆ. ನಮಗೆ ಎರಡು ದಿನದಲ್ಲಿ ಒಪ್ಪಿಗೆಯ ಉತ್ತರ ಬಂತು. ಅದನ್ನು ಪ್ರಿಂಟ್ ತೆಗೆಸಿಕೊಳ್ಳಿ. ಗೇಟಿನಲ್ಲಿ ಚೀಲ ನೋಡುವವರಿಗೆ ಮೇಲ್ ಗೊತ್ತಿರಲ್ಲ. ನಮ್ಮ ಬುತ್ತಿ ಗಂಟು ನೋಡಿ ಅವರು ಇಲ್ಲ ಅಂದೇ ಅಂದರು. ನಮ್ಮನೆಯವರು ದನಿ ಏರಿಸಲು ಹೊರಟರು, ನಾನು ಕಾಗದ ಮತ್ತು ಡಾಕ್ಟರ್ ಚೀಟಿ ಎರಡನ್ನೂ ಮುಂದೆ ಇಟ್ಟೆ. ಸೂಪರ್‌ವೈಸರ್ ಬಂದು ಓದಿ, ಮಗುವಿನ ಪಾಲಿನ ಡಬ್ಬಿ ಒಳಗೆ ಬಿಟ್ಟರು, ನಮ್ಮ ಪಾಲಿನದ್ದನ್ನು ಅಲ್ಲೇ ಇಡಿಸಿದರು. ಅದು ನ್ಯಾಯವೇ. ದೊಡ್ಡವರು ಒಳಗೇ ತಿನ್ನಲಿ.

ಮಗಳ ಡಬ್ಬಿಯಲ್ಲಿ ಖಡಕ್ ರೊಟ್ಟಿ, ಮನೆಯಲ್ಲೇ ಕುಟ್ಟಿದ ಗುರೆಳ್ಳು ಹಿಂಡಿ, ಎರಡು ಚಪಾತಿ, ಬಾಳೆಹಣ್ಣು. ಖಡಕ್ ರೊಟ್ಟಿ ನಮಗೆ ದೇವರು ಕೊಟ್ಟ ವರ. ಬಿಸಿಲಿಗೆ ಕೆಡಲ್ಲ, ಬಿಸಿ ಮಾಡಬೇಕಿಲ್ಲ. ಅಲೆಗಳ ಕೊಳದ ಪಕ್ಕದ ಕಟ್ಟೆ ಮೇಲೆ ಕೂತು, ಒದ್ದೆ ತಲೆಯಲ್ಲೇ ಕಟಂ ಕಟಂ ಅಂತ ಅವಳು ಮುರಿದು ತಿನ್ನುತ್ತಿದ್ದರೆ, ಪಕ್ಕದಲ್ಲಿ ಚಿಪ್ಸ್ ಹಿಡಿದಿದ್ದ ಬೆಂಗಳೂರಿನ ಹುಡುಗ ಅಮ್ಮನಿಗೆ "ನನಗೂ ಅದೇ ಬೇಕು" ಅಂತ ಗಂಟುಬಿದ್ದ!

ಒಳಗಿನ ಊಟ ತಗೊಳ್ಳಲೇಬೇಕಾದರೆ ಕೌಂಟರ್ ಹುಡುಗನ ಹತ್ತಿರ ಕೇಳಬೇಡಿ, ಅಡುಗೆಮನೆ ನೋಡಿಕೊಳ್ಳುವವರನ್ನು ಕರೆಸಿ. ಮಧ್ಯಾಹ್ನ ಒಂದು ಗಂಟೆಗೆ ಹೋದರೆ ಯಾರಿಗೂ ಪುರುಸೊತ್ತು ಇರಲ್ಲ, ಹನ್ನೊಂದೂವರೆಗೇ ಹೋಗಿ. ಬೆಂಗಳೂರು ಕಡೆ ಹುಷಾರಾಗಿರಬೇಕಾದದ್ದು ಚಿತ್ರಾನ್ನ, ಪುಳಿಯೋಗರೆ, ಮತ್ತೆ ಇಡ್ಲಿ ಜೊತೆಗಿನ ಚಟ್ನಿ. ಇಡ್ಲಿ ಮಾತ್ರ ಕೇಳಿದರೂ ತಟ್ಟೆಗೆ ಚಟ್ನಿ ಸುರಿದೇ ಕೊಡ್ತಾರೆ. ಸುರಿದ ಮೇಲೆ ಬಳಿದು ತೆಗೆದು ಕೊಟ್ಟರೆ ತಗೋಬೇಡಿ, ಬೇರೆ ತಟ್ಟೆ ಕೇಳಿ. ಕರಿದ ಆಲೂಗಡ್ಡೆ ಕೂಡ ಯಾವ ಎಣ್ಣೆ, ಅದರಲ್ಲಿ ಇನ್ನೇನು ಮುಳುಗಿದೆ ಅನ್ನೋದರ ಮೇಲೆ ನಿಂತಿದೆ.

ಇನ್ನೊಂದು, ಇದು ನಮ್ಮ ಕಡೆಯವರಿಗೇ ಬರೋ ತೊಂದರೆ: ಹೆಸರು. ಬೆಂಗಳೂರಲ್ಲಿ ಶೇಂಗಾ ಅಂದರೆ ಕೆಲವರಿಗೆ ತಿಳಿಯಲ್ಲ, ಅಲ್ಲಿ ಕಡಲೆಕಾಯಿ, ಕಡಲೆಬೀಜ. ನಮಗೆ ಕಡಲಿ ಅಂದರೆ ಬೇರೆ ಕಾಳು. ನಮ್ಮನೆಯವರು "ಕಡಲಿ ಇದ್ರ ನಡೀತದ್ರಿ" ಅಂದುಬಿಟ್ಟಿದ್ದರು, ಅವರ ಮನಸ್ಸಲ್ಲಿ ಇದ್ದದ್ದು ಕಡಲೆ ಬೇಳೆ. ಪುಣ್ಯಕ್ಕೆ ನಾನು ಪಕ್ಕದಲ್ಲೇ ಇದ್ದೆ. ಅಡುಗೆಮನೆಯಲ್ಲಿ ಉತ್ತರದ ಹುಡುಗರು ಇದ್ದರೆ ಮೂಂಗ್‌ಫಲಿ ಅನ್ನಬೇಕು, ಬಂಗಾಳದವರಿಗೆ ಚೀನಾಬಾದಾಮ್. ಅದಕ್ಕೇ ನಾನೊಂದು ಚೀಟಿ ಮಾಡಿಸಿದ್ದೇನೆ: ಮೇಲೆ ಶೇಂಗಾದ ಫೋಟೋ, ಅದರ ಮೇಲೆ ಕೆಂಪು ಗೀಟು, ಕೆಳಗೆ ಕನ್ನಡ, ಹಿಂದಿ, ಇಂಗ್ಲಿಷ್‌ನಲ್ಲಿ "ಇದು ತಿಂದರೆ ಈ ಮಗುವಿಗೆ ಉಸಿರು ಕಟ್ಟುತ್ತದೆ. ಇದೇ ಪಾತ್ರೆ, ಸೌಟು, ಎಣ್ಣೆ ಕೂಡ ಬೇಡ." ಲ್ಯಾಮಿನೇಷನ್ ಮಾಡಿಸಿ, ನೀರಿನ ಜಾಗ ಅದು. ಅಲರ್ಜಿ ಅನ್ನೋ ಪದಕ್ಕಿಂತ "ಉಸಿರು ಕಟ್ಟುತ್ತದೆ" ಅನ್ನೋದು ಬೇಗ ಕೆಲಸ ಮಾಡುತ್ತೆ. ಅಲರ್ಜಿ ಅಂದರೆ ಜನ ಮೂಗು ಸೋರೋದು ಅಂದ್ಕೋತಾರೆ.

ಪ್ಯಾಕೆಟ್ ತಿಂಡಿ ಆದರೆ ಸ್ವಲ್ಪ ನೆಮ್ಮದಿ. 2020ರ ಲೇಬಲ್ ನಿಯಮದ ಪ್ರಕಾರ ಶೇಂಗಾ, ಗೋಡಂಬಿ-ಬಾದಾಮಿಯಂಥ ಬೀಜಗಳು, ಹಾಲು, ಮೊಟ್ಟೆ, ಸೋಯಾ, ಮೀನು, ಸಿಗಡಿ-ಏಡಿ, ಗ್ಲುಟೆನ್ ಇರುವ ಗೋಧಿಯಂಥ ಧಾನ್ಯ ಇದ್ದರೆ ಪ್ಯಾಕೆಟ್ ಮೇಲೆ ಬೇರೆಯಾಗಿ ಬರೆಯಲೇಬೇಕು. ಪದಾರ್ಥಗಳ ಪಟ್ಟಿ ಮುಗಿದ ಮೇಲೆ "ಮೇ ಕಂಟೇನ್" (ಇದರಲ್ಲಿ ಇರಬಹುದು) ಅಂತ ಸಣ್ಣ ಅಕ್ಷರದ ಸಾಲು ಇರುತ್ತೆ, ಅದನ್ನೂ ಓದಿ. ನಾವು ಆ ಸಾಲಿದ್ದರೂ ಕೊಡಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲ್‌ಗಳೂ ತಿಂಡಿಯಲ್ಲಿ ಯಾವ ಅಲರ್ಜಿ ಪದಾರ್ಥ ಇದೆ ಅಂತ ತಿಳಿಸಬೇಕು. ಹಾಗಾಗಿ ಪಾರ್ಕ್ ಒಳಗೆ ಅಂಥ ದೊಡ್ಡ ಕಂಪನಿಯ ಅಂಗಡಿ ಇದ್ದರೆ ಕೇಳಲು ಸಂಕೋಚ ಬೇಡ. ಐಸ್‌ಕ್ರೀಮ್ ಸ್ಕೂಪ್ ಬೇಡವೇ ಬೇಡ, ಒಂದೇ ಚಮಚವನ್ನು ಎಲ್ಲ ಡಬ್ಬಿಗೂ ಅದ್ದುತ್ತಾರೆ. ಲೇಬಲ್ ಇರುವ ಕಡ್ಡಿ ಐಸ್‌ಕ್ರೀಮ್ ಕೊಡಿಸಿ.

(ಅಮೆರಿಕದ ಫ್ಲಾರಿಡಾದಲ್ಲಿರುವ ಡಿಸ್ನಿ ಪಾರ್ಕ್‌ಗಳಲ್ಲಿ ಅಲರ್ಜಿಯವರಿಗೇ ಬೇರೆ ಮೆನು ಇರುತ್ತದೆ, ಗಾಜಿನ ಡಬ್ಬಿ ಅಲ್ಲದಿದ್ದರೆ ಮನೆಯ ತಿಂಡಿಯನ್ನೂ ಒಳಗೆ ಬಿಡ್ತಾರೆ. ನಮ್ಮಲ್ಲೂ ಹಾಗೆ ಬಂದರೆ ಎಷ್ಟು ಚೆನ್ನ.)

ವಾಟರ್ ಪಾರ್ಕ್‌ನಲ್ಲಿ ಯಾರೂ ಹೇಳದ ಒಂದು ವಿಷಯ ಲಾಕರ್. ಒಳಗೆ ಹೋದ ಕೂಡಲೇ ಎಲ್ಲರೂ ಚೀಲ ಲಾಕರ್‌ಗೆ ಹಾಕ್ತಾರೆ, ಇಂಜೆಕ್ಷನ್ನೂ ಅದರಲ್ಲೇ ಹೋಗುತ್ತೆ. ಮಗು ಒಂದು ತುದಿಯಲ್ಲಿ, ಔಷಧಿ ಇನ್ನೊಂದು ತುದಿಯಲ್ಲಿ, ಬೀಗದ ಕೈ ನೀರೊಳಗಿರುವ ಅಪ್ಪನ ಕೈಯಲ್ಲಿ! ನಾವು ಪಾಳಿ ಹಾಕಿಕೊಂಡಿದ್ದೆವು. ಒಂದು ಗಂಟೆ ನಾನು ನೀರಿಗೆ, ಅವರು ಚೀಲ ಹಿಡಿದು ದಡದಲ್ಲಿ, ಆಮೇಲೆ ಅದಲು ಬದಲು. ಅಡ್ರಿನಲಿನ್ ಬಿಸಿಲಲ್ಲಿ ಇಡಬಾರದು, 25 ಡಿಗ್ರಿ ಒಳಗೇ ಇರಬೇಕು, ಹಾಗಂತ ಐಸ್‌ಗೆ ತಾಗಿಸಲೂ ಬಾರದು. ದಪ್ಪ ಟಿಫಿನ್ ಚೀಲದೊಳಗೆ ಬಟ್ಟೆ ಸುತ್ತಿ ಇಟ್ಟುಕೊಳ್ಳಿ. ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬೇಡಿ.

ತಾನೇ ಚುಚ್ಚುವ ಪೆನ್ನಿನಂಥದ್ದು ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸುಲಭಕ್ಕೆ ಸಿಗಲಿಲ್ಲ. ನಮ್ಮ ಡಾಕ್ಟರ್ ಆಂಪೂಲ್ (ಔಷಧಿ ತುಂಬಿದ ಪುಟ್ಟ ಗಾಜಿನ ಸೀಸೆ), ಸಿರಿಂಜ್ ಬರೆದುಕೊಟ್ಟು, ಮಗಳ ತೂಕಕ್ಕೆ ಎಷ್ಟು ಎಳೆಯಬೇಕು ಅಂತ ಸಿರಿಂಜ್ ಮೇಲೇ ಗೆರೆ ಹಾಕಿ, ಸಿಹಿ ನಿಂಬೆಹಣ್ಣಿಗೆ ಚುಚ್ಚಿಸಿ ಕಲಿಸಿದರು. ನೀವೂ ನಿಮ್ಮ ಡಾಕ್ಟರ್ ಹತ್ತಿರ ಎರಡು ಡೋಸ್ ಬರೆಸಿಕೊಳ್ಳಿ, ಐದು-ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ ಎರಡನೆಯದು ಬೇಕಾಗಬಹುದು. ಉಸಿರಾಟಕ್ಕೆ ಕಷ್ಟ, ಕೆಮ್ಮು, ದನಿ ಬದಲಾಗೋದು, ತಲೆಸುತ್ತು, ಅಥವಾ ದದ್ದು ಜೊತೆಗೆ ವಾಂತಿ ಕಂಡರೆ ಕಾಯಬೇಡಿ. ತೊಡೆಯ ಹೊರಗಿನ ಮಧ್ಯಭಾಗಕ್ಕೆ ಇಂಜೆಕ್ಷನ್, ಆಮೇಲೆ 108. ಮಗುವನ್ನು ಮಲಗಿಸಿ, ಉಸಿರಾಟಕ್ಕೆ ಕಷ್ಟ ಆದರೆ ಒರಗಿಸಿ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಪಾರ್ಕ್‌ಗೆ ಕಾಲಿಟ್ಟ ಕೂಡಲೇ ಪ್ರಥಮ ಚಿಕಿತ್ಸೆ ಕೋಣೆ ಎಲ್ಲಿದೆ ಅಂತ ನೋಡಿಕೊಂಡುಬಿಡಿ, ರೈಡ್ ಆಮೇಲೆ.

ಕೈ ತೊಳೆಯಲು ಸೋಪು ಒಯ್ಯಿರಿ. ಸ್ಯಾನಿಟೈಸರ್ ರೋಗಾಣು ಕೊಲ್ಲುತ್ತೆ, ಶೇಂಗಾ ಜಿಗುಟನ್ನು ತೆಗೆಯಲ್ಲ. ತಿನ್ನುವ ಮುಂಚೆ ಸೋಪು-ನೀರು, ಕಟ್ಟೆ-ಮೇಜಿಗೆ ಒದ್ದೆ ಬಟ್ಟೆ, ಸಾಕು. ಪಕ್ಕದವರು ಶೇಂಗಾ ತಿಂದರೆ ಆ ವಾಸನೆಗೆ ಹೆದರಿ ಜಾಗ ಬಿಟ್ಟು ಓಡಬೇಕಿಲ್ಲ, ಸಾಮಾನ್ಯವಾಗಿ ತೊಂದರೆ ಕೊಡೋದು ಬಾಯಿಗೆ ಹೋದದ್ದು.

ಕೊನೆಗೆ, ಪಾರ್ಕ್ ಬಗ್ಗೆ ಇಷ್ಟೆಲ್ಲ ಯೋಚಿಸಿ ದಾರಿ ಮರೀಬೇಡಿ. ಮೊದಲ ಸಲ ನಾವು ಪಾರ್ಕ್ ಒಳಗೆ ಸೂಜಿಮೊನೆಯ ಮೇಲೆ ನಡೆದ ಹಾಗೆ ನಡೆದೆವು. ವಾಪಸ್ ಬರುವಾಗ ರಾತ್ರಿ ಹತ್ತಕ್ಕೆ ಬಸ್ಸು ಡಾಬಾ ಮುಂದೆ ನಿಂತಿತು. ಡಬ್ಬಿ ಖಾಲಿ, ಮಗಳಿಗೆ ಹಸಿವು, ನಮಗೆ ನಿದ್ದೆ. ಯಾವ ಎಣ್ಣೆ ಅಂತ ಕೇಳುವ ತ್ರಾಣವೂ ಇರಲಿಲ್ಲ. ಬಾಳೆಹಣ್ಣು, ಬಿಸಿ ಹಾಲು ಕೊಡಿಸಿ ಮಲಗಿಸಿದೆ. ಎರಡನೆಯ ಸಲ ವಾಪಸ್ ದಾರಿಗೆ ಅಂತಲೇ ಬೇರೆ ಗಂಟು ಕಟ್ಟಿ, ಬೆಂಗಳೂರಲ್ಲಿ ಇಳಿದುಕೊಂಡಿದ್ದ ಮನೆಯಲ್ಲೇ ಬಿಟ್ಟು ಹೋಗಿದ್ದೆ. ನಿಮಗೆ ಜಮಖಂಡಿ ಇನ್ನೂ ದೂರ. ಆರು ರೊಟ್ಟಿ ಜಾಸ್ತಿ ಬಡಿಯಿರಿ.