ಬೆಂಚಿನಲ್ಲೇ ಕೂರಿಸುವ ಭಯ

ಪ್ರಶ್ನೆ: ಸಿಸ್ಟರ್, ದಿನಾ ಜಪಸರ ಮಾಡುತ್ತೇನೆ, ಭಾನುವಾರದ ಬಲಿಪೂಜೆ ತಪ್ಪಿಸುವುದಿಲ್ಲ. ಆದರೆ ಅಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳಲು ಏಳುವ ಹೊತ್ತಿಗೆ ಕೈಕಾಲು ತಣ್ಣಗಾಗುತ್ತವೆ. ಗುರುಗಳ ಮುಂದೆ ಮಾಡಿದ ಪಾಪನಿವೇದನೆಯಲ್ಲಿ ಏನೋ ಬಿಟ್ಟುಹೋಗಿದೆ, ದೇವರು ಶಿಕ್ಷಿಸುತ್ತಾರೆ ಅನ್ನಿಸುತ್ತದೆ. ಹಳೆಯ ಪಾಪವನ್ನೇ ಮತ್ತೆ ಮತ್ತೆ ಹೇಳಿದ್ದೂ ಆಯಿತು. ಎಷ್ಟೋ ಸಲ ಬೆಂಚಿನಲ್ಲೇ ಕೂತುಬಿಡುತ್ತೇನೆ. ದೈವಭಯ ಒಳ್ಳೆಯದು ಅಂತಾರಲ್ಲ, ಅದು ಇದೇನಾ?

ಉತ್ತರ: ಅಲ್ಲಮ್ಮ, ಅದಲ್ಲ.

ಪವಿತ್ರಾತ್ಮರ ಏಳು ವರಗಳಲ್ಲಿ ದೈವಭಯವೂ ಒಂದು. ದೃಢೀಕರಣ ಸಂಸ್ಕಾರಕ್ಕೆ ಸಿದ್ಧವಾಗುವ ಮಕ್ಕಳಿಗೆ ಈ ಪಟ್ಟಿ ಕಲಿಸುವಾಗ ಆರು ವರಗಳು ಸಲೀಸಾಗಿ ಹೋಗುತ್ತವೆ. ಏಳನೆಯದಕ್ಕೆ ಬಂದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: 'ಭಯ ಹೇಗೆ ವರ ಆಗುತ್ತೆ ಸಿಸ್ಟರ್?' ನಾನು ಅವರಿಗೆ ಬೈಬಲಿನಲ್ಲಿ ಯೆಶಾಯನ ಗ್ರಂಥದ 11ನೇ ಅಧ್ಯಾಯ ತೆಗೆಯಲು ಹೇಳುತ್ತೇನೆ. ಅಲ್ಲಿ ಈ ವರಗಳು ಇಳಿಯುವುದು ಯಾರ ಮೇಲೆ? ಬರಲಿರುವ ಉದ್ಧಾರಕನ ಮೇಲೆ, ಅಂದರೆ ಯೇಸುಸ್ವಾಮಿಯ ಮೇಲೆ. ದೈವಭಯವೇ ಆತನಿಗೆ ಆನಂದ ಎಂದೂ ಅಲ್ಲಿದೆ. ಈಗ ಹೇಳಿ, ಯೇಸು ತಂದೆಯ ಏಟಿಗೆ ಹೆದರಿದವರೇ? ನರಕಕ್ಕೆ ಹೆದರಿ ಪ್ರಾರ್ಥಿಸಿದವರೇ? ಹಾಗಾದರೆ ಈ ವರ ನಿಮ್ಮ ಕೈಕಾಲು ತಣ್ಣಗಾಗಿಸುವ ಭಯ ಆಗಿರಲು ಸಾಧ್ಯವೇ ಇಲ್ಲ.

ಸಂತ ತೋಮಾಸ್ ಅಕ್ವಿನಾಸ್ 13ನೇ ಶತಮಾನದಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಆಳು ಧಣಿಯ ಏಟಿಗೆ ಹೆದರುತ್ತಾನೆ. ಮಕ್ಕಳು ಅಪ್ಪನ ಮನಸ್ಸು ನೋಯಿಸುವುದಕ್ಕೆ, ಅಪ್ಪನಿಂದ ದೂರವಾಗುವುದಕ್ಕೆ ಹೆದರುತ್ತಾರೆ. ಪವಿತ್ರಾತ್ಮರ ವರ ಅಂದರೆ ಈ ಎರಡನೆಯದು. ಪ್ರೀತಿ ಬೆಳೆದಂತೆ ಮೊದಲನೆಯದು ಕರಗುತ್ತದೆ, ಎರಡನೆಯದು ಸ್ವರ್ಗದಲ್ಲೂ ಉಳಿಯುತ್ತದೆ ಅನ್ನುತ್ತಾರೆ ಅವರು. 'ಪರಿಪೂರ್ಣ ಪ್ರೀತಿ ಭಯವನ್ನು ಹೊರಗಟ್ಟುತ್ತದೆ' ಎಂದು ಬೈಬಲಿನಲ್ಲಿ ಸಂತ ಯೊವಾನ್ನರು ಬರೆದದ್ದೂ ಆಳಿನ ಭಯದ ಬಗ್ಗೆಯೇ.

ಹಾಗಂತ ಆ ಮೊದಲ ಭಯವನ್ನು ಧರ್ಮಸಭೆ ತಿರಸ್ಕರಿಸಿಲ್ಲ. ನರಕಕ್ಕೆ ಹೆದರಿ ಪಟ್ಟ ಪಶ್ಚಾತ್ತಾಪವೂ ದೇವರ ಕೊಡುಗೆಯೇ, ಪಾಪನಿವೇದನೆಗೆ ಕರೆತಂದರೆ ಅದೂ ಉಪಯೋಗವೇ ಎಂದು ಟ್ರೆಂಟ್ ನಗರದಲ್ಲಿ ಸೇರಿದ್ದ ಬಿಷಪರ ಮಹಾಸಭೆ 1551ರಲ್ಲಿ ಹೇಳಿತು. ಕರೆತಂದರೆ! ನಿಮ್ಮದು ದೂರ ತಳ್ಳುತ್ತಿದೆ. ನನಗೆ ಕಾಣುವ ತೊಂದರೆ ಅದೇ.

ಭಕ್ತಿಯ ಹೆಸರಿನಲ್ಲೇ ಜನರನ್ನು ಪರಮಪ್ರಸಾದದಿಂದ ದೂರ ಇಟ್ಟ ಕಾಲವೂ ಇತ್ತು. 17ನೇ ಶತಮಾನದಲ್ಲಿ ಫ್ರಾನ್ಸಿನ ಜಾನ್ಸೆನ್ ಪಂಥದವರು ಯೋಗ್ಯತೆ ಸಾಲದು, ಇನ್ನೂ ಸಿದ್ಧವಾಗಿ, ಆಮೇಲೆ ಬನ್ನಿ ಅನ್ನುತ್ತಿದ್ದರು. ಯಾರಿಗೆ ತಾನೇ ಯೋಗ್ಯತೆ ಸಾಕಾಗುತ್ತದೆ? ಆ ಗುಂಗು ಬಹಳ ಕಾಲ ಬಿಡಲಿಲ್ಲ. 1905ರಲ್ಲಿ ಪೋಪ್ ಹತ್ತನೇ ಪಿಯುಸ್ ಅವರ ಕಾಲದ ಆಜ್ಞೆಯೊಂದು ನೇರವಾಗಿ ಹೇಳಿತು: ಗಂಭೀರ ಪಾಪ ಇಲ್ಲದೆ, ಒಳ್ಳೆಯ ಮನಸ್ಸಿನಿಂದ ಬರುವವರನ್ನು ತಡೆಯಬಾರದು, ದಿನಾ ಬಂದರೂ ಸರಿ. ಗಂಭೀರ ಪಾಪ ಮಾಡಿದ್ದೀರೆಂದು ಖಚಿತವಾಗಿ ಗೊತ್ತಿದ್ದರೆ ಮೊದಲು ಪಾಪನಿವೇದನೆ. 'ಏನೋ ಬಿಟ್ಟಿರಬಹುದು' ಅನ್ನುವುದು ಖಚಿತವಲ್ಲ. ನಿಜಕ್ಕೂ ಮರೆತ ಪಾಪ ಉಳಿದವುಗಳ ಜೊತೆಗೇ ಕ್ಷಮೆಯಾಗಿರುತ್ತದೆ. ಅದು ದೊಡ್ಡದಾಗಿದ್ದು ಮುಂದೆ ನೆನಪಾದರೆ ಮುಂದಿನ ಸಲ ಹೇಳಿ, ಸಾಕು.

ಹಳೆಯದನ್ನೇ ಕೆದಕುವ ಕಾಟ ಯೇಸು ಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರಿಗೂ ಇತ್ತು. 1522ರಲ್ಲಿ ಮೂರು ದಿನ ಹಿಡಿದು, ಬರೆದುಕೊಂಡು ಪಾಪನಿವೇದನೆ ಮಾಡಿದರೂ ಸಮಾಧಾನವಿಲ್ಲ. ಸ್ಪೇನಿನ ಮಾನ್ರೇಸಾ ಊರಿನಲ್ಲಿ ಬದುಕೇ ಬೇಡ ಅನ್ನಿಸುವಷ್ಟು ಒದ್ದಾಡಿದರು. 'ತೀರಾ ಸ್ಪಷ್ಟವಾದದ್ದನ್ನು ಬಿಟ್ಟು ಹಳೆಯದನ್ನು ಹೇಳಬೇಡಿ' ಅಂದರು ಗುರುಗಳು. ಅಯ್ಯೋ ಪಾಪ, ಇಗ್ನೇಷಿಯಸರಿಗೆ ಎಲ್ಲವೂ ಸ್ಪಷ್ಟವಾಗೇ ಕಾಣುತ್ತಿತ್ತು! ಕೊನೆಗೆ ಹಳೆಯದನ್ನು ಇನ್ನು ಒಂದೂ ಹೇಳುವುದಿಲ್ಲ ಎಂದು ನಿರ್ಧರಿಸಿದ ಮೇಲೆಯೇ ಅವರಿಗೆ ಬಿಡುಗಡೆ ಸಿಕ್ಕಿತು.

ನೀವೂ ಹಾಗೇ ಮಾಡಿ. ಆದರೆ ಒಬ್ಬರೇ ಸುಮ್ನೆ ಒದ್ದಾಡಬೇಡಿ. ಒಬ್ಬ ಗುರುಗಳನ್ನು ಆರಿಸಿಕೊಂಡು ಅವರ ಬಳಿಯೇ ಹೋಗಿ, ಅವರು 'ಸಾಕು' ಅಂದರೆ ಸಾಕು. ಇನ್ನೊಬ್ಬರ ಹತ್ತಿರ ಹೋಗಿ ಪರೀಕ್ಷೆ ಮಾಡಬೇಡಿ. ಈ ಯೋಚನೆ ದಿನವಿಡೀ ಬಿಡದೆ ನಿದ್ದೆ ಕೆಡಿಸುತ್ತಿದ್ದರೆ ಮನೋವೈದ್ಯರನ್ನೂ ನೋಡಿ, ಅದು ನಂಬಿಕೆಯ ಕೊರತೆಯಲ್ಲ. ಬರುವ ಭಾನುವಾರ ಕೈಕಾಲು ತಣ್ಣಗಾದರೂ ಎದ್ದು ಸಾಲಿಗೆ ನಿಲ್ಲಿ.

ಪ್ರಶ್ನೆ: ತುಂಟತನ ಮಾಡಿದರೆ 'ಯೇಸು ಹೊಡೀತಾರೆ' ಎಂದು ಮೊಮ್ಮಗನಿಗೆ ಹೇಳುತ್ತೇನೆ. ಸೊಸೆಗೆ ಇಷ್ಟವಿಲ್ಲ. ಭಯವಿಲ್ಲದೆ ಭಕ್ತಿ ಬರುತ್ತದೆಯೇ?

ಉತ್ತರ: ಅಜ್ಜಿ, ಹೊಡೆಯುವ ಕೆಲಸವನ್ನು ಯೇಸುವಿಗೆ ವಹಿಸಬೇಡಿ. ಚರ್ಚಿನಲ್ಲಿ ನೀವು ಪರಮಪ್ರಸಾದ ಇಟ್ಟಿರುವ ಪೆಟ್ಟಿಗೆಯ ಮುಂದೆ ನಿಧಾನವಾಗಿ ಬಲಮೊಣಕಾಲು ನೆಲಕ್ಕೆ ಊರಿ ವಂದಿಸಿ. ಮೊಣಕಾಲು ನೋವಿದ್ದರೆ ತಲೆಬಾಗಿ, ಅವಸರ ಬೇಡ. ಮಗು ನೋಡುತ್ತಿರುತ್ತದೆ, ಬೆದರಿಕೆಗಿಂತ ಜಾಸ್ತಿ ಅದರಿಂದ ಕಲಿಯುತ್ತದೆ. ಸೊಸೆಯ ಜೊತೆ ಜಗಳ ಬೇಡ, ಈ ವಿಷಯದಲ್ಲಿ ಅವಳು ಹೇಳಿದ್ದೇ ಸರಿ.