ಅರಮನೆ ದೀಪ, ಬೃಂದಾವನದ ಕಾರಂಜಿ: ಒಂದೇ ಸಂಜೆಗೆ ಎರಡೂ ಆಗುತ್ತಾ?

ಪ್ರಶ್ನೆ: ನಾವು ಧಾರವಾಡದವರು. ಶನಿವಾರ ಬೆಳಿಗ್ಗೆ ಮೈಸೂರಿಗೆ ಬಂದಿಳಿದು ಮಂಗಳವಾರ ರಾತ್ರಿಯ ರೈಲಿಗೆ ವಾಪಸಾಗುತ್ತೇವೆ. ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳಿದ್ದಾರೆ. ಜೊತೆಗೆ ಬರುವ ಅವ್ವನಿಗೆ ಎಪ್ಪತ್ತು ವರ್ಷ, ಮಂಡಿನೋವಿದೆ. ಭಾನುವಾರ ಹಗಲು ಅರಮನೆ, ಸಂಜೆ ಬೃಂದಾವನ, ಅಲ್ಲಿಂದ ಬಂದು ಅರಮನೆ ದೀಪ, ಸೋಮವಾರ ಚಾಮುಂಡಿ ಬೆಟ್ಟ, ಮಂಗಳವಾರ ಮೃಗಾಲಯ ಎಂದುಕೊಂಡಿದ್ದೇವೆ. ಸರಿಯಿದೆಯೇ?

ಉತ್ತರ: ಎರಡು ಕಡೆ ಎಡವಟ್ಟಾಗುತ್ತದೆ. ಮಂಗಳವಾರ ಮೃಗಾಲಯಕ್ಕೆ ವಾರದ ರಜೆ, ಪಕ್ಕದ ಕಾರಂಜಿಕೆರೆಗೂ ಅಷ್ಟೇ. ಇನ್ನು ಭಾನುವಾರದ ಸಂಜೆ: ಅರಮನೆ ದೀಪ ಹೊತ್ತುವುದು 7 ಗಂಟೆಗೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಆರಿಸಿಬಿಡುತ್ತಾರೆ. ಬೃಂದಾವನದ ಸಂಗೀತ ಕಾರಂಜಿ ಶುರುವಾಗುವುದೇ ಕತ್ತಲಾಗುವ ಹೊತ್ತಿಗೆ, ಅದೂ ಸುಮಾರು 20 ಕಿ.ಮೀ. ದೂರದಲ್ಲಿ. ಕಾರಂಜಿ ಮುಗಿದಾಗ ಅಷ್ಟೂ ವಾಹನ ಒಟ್ಟಿಗೇ ಹೊರಡುತ್ತವೆ. ನೀವು ಊರು ಮುಟ್ಟುವಾಗ ಅರಮನೆ ಕತ್ತಲಲ್ಲಿರುತ್ತದೆ. 'ಎರಡನ್ನೂ ತೋರಿಸ್ತೀವಿ' ಎನ್ನುವ ಟ್ಯಾಕ್ಸಿಯವರಿದ್ದಾರೆ, ನಂಬಬೇಡಿ. ದಸರಾ ಬಿಟ್ಟರೆ ಇಷ್ಟು ಹೊತ್ತು ದೀಪ ಉರಿಸುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಮಾತ್ರ. ಹಾಗಾಗಿ ಮೊದಲು ಭಾನುವಾರದ ಸಂಜೆಯನ್ನು ಅರಮನೆಗೆ ಎತ್ತಿಡಿ, ಮಿಕ್ಕದ್ದನ್ನು ಅದರ ಸುತ್ತ ಹೊಂದಿಸಿಕೊಳ್ಳಿ.

ಶನಿವಾರ ರೈಲಿಳಿದು, ಸ್ನಾನ ಊಟ ಮುಗಿಸಿ, ಮಧ್ಯಾಹ್ನ ಎರಡರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಹೊರಡಿ. 1784ರಲ್ಲಿ ಕಟ್ಟಿದ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಒಂದನ್ನೇ ನೋಡಿದರೂ ಸಾಕು. ಪಶ್ಚಿಮದ ಗೋಡೆಯ ಮೇಲಿರುವ, ಹೈದರ್-ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ಚಿತ್ರದ ಮುಂದೆ ಮಕ್ಕಳನ್ನು ನಿಲ್ಲಿಸಿ, ಆನೆಗಳೆಷ್ಟು ಕುದುರೆಗಳೆಷ್ಟು ಎಂದು ಎಣಿಸಲು ಹಚ್ಚಿ. ಅಲ್ಲಿಂದಲೇ ಬೃಂದಾವನವಿರುವ ಕೆ.ಆರ್.ಎಸ್. ಅಣೆಕಟ್ಟೆಗೆ ಹೋದರೆ ಊರಿಗೆ ಬಂದು ಮತ್ತೆ ಹೋಗುವ ಸುತ್ತಾಟ ತಪ್ಪುತ್ತದೆ. ಆದರೆ ಬೃಂದಾವನದ ಬಾಗಿಲಿನಿಂದ ಕಾರಂಜಿಯ ತನಕ ಒಂದು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು, ನಡುವೆ ಮೆಟ್ಟಿಲೂ ಇವೆ, ಬರುವಾಗ ಮತ್ತೆ ಅಷ್ಟೇ. ಅವ್ವನಿಗೆ ಆಗದಿದ್ದರೆ ಅವರು ಮುಂಭಾಗದ ತೋಟದಲ್ಲೇ ಕೂರಲಿ. ದೀಪ ಹಚ್ಚಿದ ಮೇಲೆ ಅಲ್ಲೂ ಸೊಗಸಾಗಿರುತ್ತದೆ. ಜೊತೆಗೆ ಒಬ್ಬರು ಉಳಿಯಲಿ, ಆ ಜನಸಂದಣಿಯಲ್ಲಿ ಆಮೇಲೆ ಹುಡುಕುವುದು ಕಷ್ಟ.

ಭಾನುವಾರ ಬೆಟ್ಟಕ್ಕೆ ಬೆಳಿಗ್ಗೆ ಏಳೂವರೆಗೆಲ್ಲ ತಲುಪಿ, ಹತ್ತರೊಳಗೆ ಇಳಿದುಬಿಡಿ. ಮಧ್ಯಾಹ್ನ ನಿದ್ದೆ. ಸಂಜೆ 6.30ಕ್ಕೆ ಅರಮನೆ ಆವರಣದಲ್ಲಿರಿ. ಸುಮಾರು 97 ಸಾವಿರ ಬಲ್ಬುಗಳು ಒಂದೇ ಏಟಿಗೆ ಹೊತ್ತಿಕೊಳ್ಳುವ ಆ ಒಂದು ಕ್ಷಣಕ್ಕೇ ಅಷ್ಟು ಜನ ಕಾಯುವುದು, ಐದು ನಿಮಿಷ ತಡವಾದರೆ ಅದೇ ತಪ್ಪಿಹೋಗುತ್ತದೆ. ಗೋಡೆಗೆ ತೀರಾ ಹತ್ತಿರ ಹೋಗಬೇಡಿ, ಗೋಪುರ ಕಣ್ಣಿಗೆ ಸಿಗುವುದಿಲ್ಲ. ಪೂರ್ವದ ಜಯಮಾರ್ತಾಂಡ ದ್ವಾರದ ಕಡೆ ಹಿಂದೆ ಸರಿದು ನಿಲ್ಲಿ.

ಸೋಮವಾರ ಮೃಗಾಲಯ. 8.30ಕ್ಕೆ ಬಾಗಿಲು ತೆರೆಯುವಾಗಲೇ ಇರಿ. ಹನ್ನೊಂದರ ಮೇಲೆ ಹುಲಿ ಸಿಂಹಗಳು ನೆರಳಿನಲ್ಲಿ ಮಲಗಿಬಿಡುತ್ತವೆ, ಮಕ್ಕಳಿಗೆ ಕಾಣುವುದು ಬೆನ್ನು ಮಾತ್ರ. ಒಳಗಿನ ಸುತ್ತು ಮೂರು ಕಿಲೋಮೀಟರಿಗೆ ಕಡಿಮೆಯಿಲ್ಲ, ಅರ್ಧಕ್ಕೆ ಸಾಕಾಯಿತೆಂದು ಹಿಂದಿರುಗುವುದೂ ಸುಲಭವಲ್ಲ. ಅವ್ವನಿಗೆ ಬಾಗಿಲಲ್ಲೇ ಬ್ಯಾಟರಿ ಗಾಡಿ ವಿಚಾರಿಸಿ. ಪ್ಲಾಸ್ಟಿಕ್ ನಿಷೇಧವಿರುವುದರಿಂದ ಬ್ಯಾಗ್ ತಪಾಸಣೆಯಾಗುತ್ತದೆ. ಕವರು, ಚಿಪ್ಸ್ ಪೊಟ್ಟಣ ಹೋಟೆಲಿನಲ್ಲೇ ಇರಲಿ, ನೀರಿಗೆ ಸ್ಟೀಲ್ ಬಾಟಲಿ ಒಯ್ಯಿರಿ. ಆಮೇಲೆ ಶಕ್ತಿ ಉಳಿದಿದ್ದರೆ ಕಾರಂಜಿಕೆರೆ. ಅದರ ದಡದಲ್ಲಿರುವ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯಕ್ಕೆ ಮಾತ್ರ ಸೋಮವಾರ ರಜೆ.

ಮಂಗಳವಾರ 10 ಗಂಟೆಗೆ ಅರಮನೆಯ ಒಳಗೆ. ಅರಮನೆಗೆ ವಾರದ ರಜೆಯಿಲ್ಲ, ಭಾನುವಾರದ ನೂಕುನುಗ್ಗಲೂ ಅಂದು ಇರುವುದಿಲ್ಲ. ಟಿಕೆಟ್ ಕೊಡುವುದು ದಕ್ಷಿಣದ ವರಾಹ ದ್ವಾರದಲ್ಲಿ. ಮುಂಭಾಗ ಪೂರ್ವಕ್ಕಿರುವುದರಿಂದ ಫೋಟೋಗೂ ಬೆಳಗಿನ ಬಿಸಿಲೇ ಒಳ್ಳೆಯದು, ಮಧ್ಯಾಹ್ನದ ಮೇಲೆ ಮುಖಕ್ಕೆ ನೆರಳು. ಚಪ್ಪಲಿ ಹೊರಗೆ ಬಿಡಬೇಕು. ಬಿಸಿಲೇರಿದ ಮೇಲೆ ಅಂಗಳದ ಕಲ್ಲು ಸುಡುತ್ತದೆ, ಅವ್ವನಿಗೆ ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ.

ಒಳಗೆ ಹೆಚ್ಚಿನವರು ದರ್ಬಾರ್ ಹಾಲ್ ಎಲ್ಲಿ ಎಂದು ಓಡುತ್ತಾರೆ. ನನ್ನ ಮಟ್ಟಿಗೆ ನಿಧಾನಿಸಬೇಕಾದ ಜಾಗ ಕಲ್ಯಾಣ ಮಂಟಪ. ಎಂಟು ಮೂಲೆಯ ಹಜಾರ. ಕಂಬಗಳು ಕಲ್ಲಿನವಲ್ಲ, ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣದವು. ತಲೆಯೆತ್ತಿದರೆ ಬಣ್ಣದ ಗಾಜಿನ ಚಾವಣಿಯಲ್ಲಿ ನವಿಲು, ತಲೆತಗ್ಗಿಸಿದರೆ ನೆಲದಲ್ಲೂ ನವಿಲು. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯೊಂದರ ಸಮಯದಲ್ಲಿ ಸುಟ್ಟುಹೋಗಿತ್ತು; 1912ರಲ್ಲಿ ಮುಗಿದ ಈ ಅರಮನೆಯಲ್ಲಿ ಕಬ್ಬಿಣ, ಕಲ್ಲು ಇಷ್ಟೊಂದು ಕಾಣುವುದಕ್ಕೆ ಆ ಬೆಂಕಿಯೂ ಕಾರಣ. ಸುತ್ತಲ ಗೋಡೆಯಲ್ಲಿ ದಸರಾ ಮೆರವಣಿಗೆಯ ಸಾಲುಚಿತ್ರಗಳಿವೆ. ಒಂದರ ಮೆರವಣಿಗೆ ಮುಂದಿನದರಲ್ಲಿ ಮುಂದುವರಿಯುತ್ತದೆ, ಆದ್ದರಿಂದ ನಡುವೆ ಬಿಟ್ಟುಹೋಗದೆ ಕ್ರಮವಾಗಿ ನೋಡಿ.

ಮಧ್ಯಾಹ್ನ ಜಗನ್ಮೋಹನ ಅರಮನೆಗೆ ಒಂದೂವರೆ ಗಂಟೆ ಸಾಕು. ಹಲ್ದಂಕರ್ ಅವರ, ಕೈಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವೂ ರವಿವರ್ಮನ ಚಿತ್ರಗಳೂ ಅಲ್ಲಿವೆ.

ಒಂದು ಎಚ್ಚರಿಕೆ. ಅರಮನೆ ಸುತ್ತಮುತ್ತ 'ಈಗ ಕ್ಲೋಸ್ ಸಾರ್, ಒಂದು ಗಂಟೆ ಬಿಟ್ಟು ತೆಗೀತಾರೆ, ಅಷ್ಟರಲ್ಲಿ ಗಂಧದೆಣ್ಣೆ ಅಂಗಡಿ ತೋರಿಸ್ತೀನಿ' ಎಂದು ಆಟೋದವರೋ ದಾರಿಹೋಕರೋ ಕರೆದರೆ ನಿಲ್ಲದೆ ಟಿಕೆಟ್ ಕೌಂಟರಿಗೆ ನಡೆಯಿರಿ. ಅಂಗಡಿಯವರು ಕೊಡುವ ಕಮಿಷನ್ನಿಗಾಗಿ ಆಡುವ ಮಾತದು.

ಪ್ರಶ್ನೆ: ಚಿನ್ನದ ಸಿಂಹಾಸನ ನೋಡಬೇಕೆಂದು ದಸರಾಕ್ಕೇ ಹೋಗುವ ಆಸೆ. ಆಗ ಅರಮನೆ ಒಳಗೆ ಬಿಡುತ್ತಾರೆಯೇ?

ಉತ್ತರ: ಸಿಂಹಾಸನವನ್ನು ಜೋಡಿಸುವುದೇ ಆಗ, ಹಾಗಾಗಿ ಆಸೆ ಸರಿಯಾದದ್ದೇ. ಆದರೆ ಖಾಸಗಿ ದರ್ಬಾರ್, ಆಯುಧಪೂಜೆ, ಜಂಬೂಸವಾರಿ ಇರುವಾಗ ಸಾರ್ವಜನಿಕರ ಪ್ರವೇಶ ಕೆಲವು ಗಂಟೆ, ಕೆಲವೊಮ್ಮೆ ಇಡೀ ದಿನ ಬಂದ್. ಆ ವರ್ಷದ ವೇಳಾಪಟ್ಟಿಯನ್ನು ಅರಮನೆ ಮಂಡಳಿ ಪ್ರಕಟಿಸಿದ ಮೇಲೆ ದಿನ ಗೊತ್ತುಮಾಡಿ. ರೂಮು ಮಾತ್ರ ಅದಕ್ಕೂ ಮೊದಲೇ ಹಿಡಿಯಿರಿ, ಬೇಡವಾದರೆ ರದ್ದು ಮಾಡಬಹುದಾದ ಕಡೆ. ಅಂಬಾರಿಗಾಗಿ ಕಾಯಬೇಕಿಲ್ಲ, ಅದು ಉಳಿದ ದಿನಗಳಲ್ಲೂ ಅರಮನೆಯೊಳಗಿನ ಗೊಂಬೆ ತೊಟ್ಟಿಯಲ್ಲಿ ನೋಡಲು ಸಿಗುತ್ತದೆ.

ಪ್ರಶ್ನೆ: ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲಾಗದವರು ನಂದಿಯನ್ನು ನೋಡುವುದು ಹೇಗೆ?

ಉತ್ತರ: ಮೆಟ್ಟಿಲು ಒಟ್ಟು ಸಾವಿರದಷ್ಟು. ನಂದಿ ಇರುವುದು ಮೇಲಿನಿಂದ ಸುಮಾರು 300 ಮೆಟ್ಟಿಲು ಕೆಳಗೆ. ನಗರ ಬಸ್ ನಿಲ್ದಾಣದಿಂದ 201ನೇ ನಂಬರಿನ ಬಸ್ಸಿನಲ್ಲಿ ಮೇಲೆ ಹೋಗಿ, ದರ್ಶನ ಮುಗಿಸಿ ನಂದಿಯ ತನಕ ಇಳಿಯುವವರು ಬಹಳ. ಮಂಡಿನೋವಿದ್ದವರು ಹಾಗೆ ಮಾಡಬಾರದು, ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಹೆಚ್ಚು ಭಾರ ಬೀಳುವುದು. ನಂದಿಯ ಬಳಿಗೆ ರಸ್ತೆಯೂ ಇದೆ. ಆಟೋ, ಟ್ಯಾಕ್ಸಿ ಗೊತ್ತುಮಾಡುವಾಗಲೇ 'ದೇವಸ್ಥಾನ, ನಂದಿ ಎರಡೂ' ಎಂದು ಹೇಳಿ ದರ ಮಾತಾಡಿಕೊಳ್ಳಿ. ದೇವಸ್ಥಾನ ಮಧ್ಯಾಹ್ನ 2ರಿಂದ 3.30ರವರೆಗೆ ಮುಚ್ಚಿರುತ್ತದೆ. ಆಷಾಢ ಶುಕ್ರವಾರಗಳಲ್ಲಿ ವಯಸ್ಸಾದವರನ್ನು ಕರೆದೊಯ್ಯುವ ಗೋಜಿಗೇ ಹೋಗಬೇಡಿ.