ಅಡುಗೆಮನೆ ಪ್ರಶ್ನೋತ್ತರ: ವಿಯೆಟ್ನಾಂ ಹಾಳೆ, ನಮ್ಮ ಸಂತೆಯ ಸೊಪ್ಪು

(ಈ ಸಲದ ಪ್ರಶ್ನೆಗಳಿಗೆ ರಾಯಚೂರಿನ ಅಕ್ಕನ ಉತ್ತರ)

ಪ್ರಶ್ನೆ: ಅಕ್ಕಾ, ಮಗ ಬೆಂಗಳೂರಿನಿಂದ ವಿಯೆಟ್ನಾಂ ಅಕ್ಕಿ ಹಾಳೆಯ ಪ್ಯಾಕೆಟ್ ತಂದಿದ್ದ. ಸೊಪ್ಪು, ತರಕಾರಿ ಇಟ್ಟು ಸುತ್ತಿಕೊಂಡು ತಿನ್ನೋದಂತೆ. ಬಿಸಿನೀರಿನಲ್ಲಿ ಎರಡು ನಿಮಿಷ ನೆನೆಸಿದೆ, ಕೈಗೆ ಅಂಟಿ ಗಂಜಿಯಾಯಿತು. ಭತ್ತದ ಊರಿನವಳಿಗೆ ಅಕ್ಕಿ ಹಾಳೆ ಬಗ್ಗಲಿಲ್ಲ ಅಂತ ಮನೆಯವರು ನಗ್ತಾರೆ. ಎಲ್ಲಿ ತಪ್ಪಿದೆ?
– ಓದುಗರು, ಗಂಗಾವತಿ

ನಗೋರು ನಗಲಿ ಬಿಡಿ. ನಾನೂ ಮೊದಲ ಸಲ ನಾಲ್ಕು ಹಾಳೆ ಹಾಳು ಮಾಡಿದ್ದೆ. ನಾನು ನೀರು ಕಾಯಿಸಿರಲೂ ಇಲ್ಲ. ಮೇ ತಿಂಗಳು, ಮಾಳಿಗೆ ಮೇಲಿನ ಟ್ಯಾಂಕಿನ ನೀರು, ನಲ್ಲಿ ತಿರುಗಿಸಿದರೆ ಸ್ನಾನಕ್ಕೆ ಸರಿ ಅನ್ನೋ ಹಾಗೆ ಬರುತ್ತದೆ. ರಾಯಚೂರಲ್ಲಿ ಅದು ಹೊಸದೇನಲ್ಲ. ಆಮೇಲೆ ಮಣ್ಣಿನ ಗಡಿಗೆಯ ನೀರು ತಗೊಂಡೆ, ಸರಿಹೋಯಿತು.

ಈ ಹಾಳೆ ಆಗಲೇ ಬೆಂದಿರುತ್ತದೆ ತಾಯಿ. ಕುದಿಯುವ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಅಕ್ಕಿ ಹಿಟ್ಟನ್ನು ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಬಿದಿರಿನ ತಟ್ಟಿ ಮೇಲೆ ಬಿಸಿಲಿಗೆ ಹಾಕುತ್ತಾರೆ. ನಾವು ಹಪ್ಪಳ ಒಣಗಿಸ್ತೀವಲ್ಲ, ಹಾಗೆ. ಒಂದು ಹಾಳೆ ಬೆಳಕಿಗೆ ಹಿಡಿದು ನೋಡಿ, ಆ ತಟ್ಟಿಯ ಗೆರೆ ಚೌಕ ಚೌಕವಾಗಿ ಕಾಣುತ್ತದೆ. ನನಗೆ ಅದೇ ಗಡಿಯಾರ. ಅಗಲವಾದ ತಾಟಿನಲ್ಲಿ ತಣ್ಣೀರು ಹಾಕಿ, ಹಾಳೆಯನ್ನು ಐದಾರು ಸೆಕೆಂಡು ಮುಳುಗಿಸಿ ತೆಗೆಯಿರಿ. ತೆಗೆದಾಗಲೂ ಆ ಗೆರೆ ಕಾಣಬೇಕು, ಹಾಳೆ ಇನ್ನೂ ಸ್ವಲ್ಪ ಗಡಸು ಇರಬೇಕು. ‘ಇನ್ನೂ ಆಗಿಲ್ಲ’ ಅನ್ನಿಸಿದರೂ ಮತ್ತೆ ಮುಳುಗಿಸಬೇಡಿ. ನೀವು ಸೊಪ್ಪು ಜೋಡಿಸೋ ಹೊತ್ತಿಗೆ ತಾನೇ ಮೆತ್ತಗಾಗುತ್ತದೆ.

ಒದ್ದೆ ತಟ್ಟೆ ಮೇಲೆ ಹಾಸಿ, ಹತ್ತಿರದ ಅಂಚಿನ ಕಡೆ ಸೊಪ್ಪಿಡಿ. ಆಮೇಲೆ ಕೂಸಿಗೆ ಬಟ್ಟೆ ಸುತ್ತಿದ ಹಾಗೆ: ಮೊದಲು ಕೆಳಗಿಂದ, ಆಮೇಲೆ ಎರಡು ಬದಿ, ಕೊನೆಗೆ ಬಿಗಿಯಾಗಿ ಉರುಳಿಸೋದು. ಜಾಸ್ತಿ ತುಂಬಿದರೆ ಹರಿಯುತ್ತದೆ. ಎಲ್ಲರೂ ಜಾಸ್ತಿಯೇ ತುಂಬ್ತಾರೆ, ಅದು ಬೇರೆ ಮಾತು.

ಪ್ರಶ್ನೆ: ಪಾಕವಿಧಾನದಲ್ಲಿರೋ ಸೊಪ್ಪಿನ ಹೆಸರು ಒಂದೂ ಗೊತ್ತಿಲ್ಲ. ನಮ್ಮ ಸಂತೆಯಲ್ಲಿ ಸಿಗೋದರಲ್ಲಿ ಯಾವುದು ನಡೆಯುತ್ತದೆ?
– ಓದುಗರು, ಸಿಂಧನೂರು

ಇದು ಒಳ್ಳೇ ಪ್ರಶ್ನೆ. ಈ ತಿನಿಸಿನಲ್ಲಿ ಸೊಪ್ಪೇ ದೊಡ್ಡದು. ಮೇಲೆ ಉದುರಿಸೋ ನಾಲ್ಕು ಎಳೆ ಕೊತ್ತಂಬರಿ ಅಲ್ಲ, ತಟ್ಟೆ ತುಂಬ ಗುಡ್ಡೆ ಹಾಕಿ ನಡುವೆ ಇಡುತ್ತಾರೆ. ಅಲ್ಲಿ ಪುದೀನ, ಕೊತ್ತಂಬರಿ ಜೊತೆಗೆ ಕೆಳಗಡೆ ನೇರಳೆ ಬಣ್ಣ ಇರೋ ಪೆರಿಲ್ಲಾ ಎಲೆ, ಮೀನಿನ ವಾಸನೆಯ ಒಂದು ಎಲೆ, ಸೋಂಪಿನ ಘಮದ ಥಾಯ್ ಬೇಸಿಲ್ ಎಲ್ಲ ಇರುತ್ತವೆ. ಈ ಬೇಸಿಲ್ ನಮ್ಮ ಕಾಮಕಸ್ತೂರಿ ಜಾತಿಯದೇ. ಬೀಜ ಶರಬತ್ತಿಗೆ ಹಾಕ್ತೀವಲ್ಲ, ಅದೇ ಗಿಡ. ಎಲೆ ಕಿತ್ತು ಹಾಕಿ.

ಹಸಿ ಸೊಪ್ಪು ತಿನ್ನೋದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೋಳದ ರೊಟ್ಟಿ ಪಕ್ಕ ಹಕ್ಕರಕಿ, ಎಳೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು ಇಡ್ತೀವಿ. ಅವೆಲ್ಲ ಇಲ್ಲೂ ನಡೆಯುತ್ತವೆ. ನನಗೆ ತುಂಬ ಹಿಡಿಸಿದ್ದು ಎಳೆ ಪುಂಡಿ ಎಲೆ. ಒಂದು ಸುರುಳಿಗೆ ಎರಡೇ ಎಲೆ, ಹುಳಿ ಚುರುಕ್ ಅನ್ನುತ್ತದೆ. ಸೊಪ್ಪನ್ನು ಎರಡು ಮೂರು ನೀರಲ್ಲಿ ತೊಳೆದು, ಬಟ್ಟೆ ಮೇಲೆ ಹರಡಿ ಚೆನ್ನಾಗಿ ಆರಿಸಿ. ನೀರಿದ್ದರೆ ಹಾಳೆ ಹರಿಯುತ್ತದೆ. ಜೊತೆಗೆ ಸೌತೆ, ಗಜ್ಜರಿ ಎಳೆ, ಬೇಯಿಸಿ ಆರಿಸಿದ ಅಕ್ಕಿ ಶಾವಿಗೆ. ಅಲ್ಲಿ ಸಿಗಡಿ, ಹಂದಿ ಮಾಂಸ ಇಡುತ್ತಾರೆ. ನಮ್ಮ ಮನೆಯಲ್ಲಿ ಆಮ್ಲೆಟ್ ಪಟ್ಟಿ.

ಒಂದು ಮಾತು. ಅಡುಗೆಮನೆಯಲ್ಲಿ ನೀವೊಬ್ಬರೇ ನಿಂತು ಇಪ್ಪತ್ತು ಸುತ್ತಿ ಬಡಿಸಬೇಡಿ. ಎಲ್ಲ ನಡುವೆ ಇಟ್ಟು, ಅವರವರೇ ಸುತ್ತಿಕೊಳ್ಳಲಿ. ನಮ್ಮ ಅತ್ತೆಗೆ ಒಂದು ಹಾಳೆ ಕೊಟ್ಟೆ. ಶಾವಿಗೆ ಪಕ್ಕಕ್ಕೆ ಸರಿಸಿ, ಮೆಂತ್ಯ ಸೊಪ್ಪಿಟ್ಟು, ಮೇಲೆ ಶೇಂಗಾ ಹಿಂಡಿ ಉದುರಿಸಿ ಸುತ್ತಿಕೊಂಡು, “ಮಸರು ಎಲ್ಲೈತಿ?” ಅಂತ ಕೇಳಿದರು. ಮೊಸರಲ್ಲಿ ಅದ್ದಿಕೊಂಡು ಮೂರು ತಿಂದರು. ನಾನು ಸುಮ್ನಿದ್ದೆ.

ಪ್ರಶ್ನೆ: ಅದ್ದಿಕೊಳ್ಳೋಕೆ ಮೀನಿನ ಸಾಸ್ ಬೇಕಂತೆ. ನಾವು ಅದನ್ನು ಮನೆ ಒಳಗೆ ತರೋದಿಲ್ಲ. ಬೇರೆ ದಾರಿ?
– ಓದುಗರು, ಬಳ್ಳಾರಿ

ಇದೆ, ಅದೂ ಅವರದೇ ದಾರಿ. ಅಲ್ಲಿನ ಬೌದ್ಧರಲ್ಲಿ ಎಷ್ಟೋ ಜನ ಚಾಂದ್ರಮಾನ ತಿಂಗಳ 1ನೇ ಮತ್ತು 15ನೇ ದಿನ ಮಾಂಸ, ಮೀನು ಮುಟ್ಟೋದಿಲ್ಲ. ನಮ್ಮ ಅಮಾವಾಸ್ಯೆ, ಹುಣ್ಣಿಮೆ ಅಂತಲೇ ಇಟ್ಟುಕೊಳ್ಳಿ. ಆ ದಿನ ಮೀನಿನ ಸಾಸ್ ಜಾಗಕ್ಕೆ ಸೋಯಾ ಸಾಸ್ ಬರುತ್ತದೆ. ನನ್ನ ಅಳತೆ: 2 ಚಮಚ ಸೋಯಾ ಸಾಸ್, ಒಂದು ನಿಂಬೆಯ ರಸ, ಒಂದೂವರೆ ಚಮಚ ಸಕ್ಕರೆ, ಅರ್ಧ ಲೋಟ ನೀರು, ಜಜ್ಜಿದ 2 ಎಸಳು ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಒಂದು ಹಸಿಮೆಣಸಿನಕಾಯಿ. ಉಪ್ಪು, ಹುಳಿ, ಸಿಹಿ ಮೂರೂ ನಾಲಿಗೆಗೆ ಒಟ್ಟಿಗೆ ಬರಬೇಕು, ಯಾವುದೂ ಮುಂದೆ ಓಡಬಾರದು. ಹುರಿದ ಶೇಂಗಾ ತರಿತರಿಯಾಗಿ ಕುಟ್ಟಿ ಮೇಲೆ ಹಾಕಿ. ಬಳ್ಳಾರಿಯವರಿಗೆ ಒಂದು ಮೆಣಸಿನಕಾಯಿ ಸಾಲುವುದಿಲ್ಲ ಅಂತ ಗೊತ್ತು, ಅದು ನಿಮ್ಮಿಷ್ಟ.

ಪ್ರಶ್ನೆ: ಸೋನಾ ಮಸೂರಿ ಮನೆಯಲ್ಲೇ ಇದೆ. ಹಾಳೆ ನಾವೇ ಮಾಡಬಹುದಾ? ಆಂಧ್ರದ ಪೂತರೇಕು, ಅದೇ ತೆಳು ಅಕ್ಕಿ ಹಾಳೆಯ ಸಿಹಿತಿಂಡಿ, ಅದರ ಥರಾನೇ ಅಲ್ವಾ?
– ಓದುಗರು, ಮಾನ್ವಿ

ನೋಡೋಕೆ ಹಾಗೇ, ಆದರೆ ಪೂತರೇಕು ಬೋರಲು ಹಾಕಿದ ಬಿಸಿ ಗಡಿಗೆಯ ಮೇಲೆ ಆಗೋದು. ನೀರು ತಾಗಿದರೆ ಕರಗಿ ಹೋಗುತ್ತದೆ. ನಾನು ಬಟ್ಟೆ ಕಟ್ಟಿ ಹಬೆಯಲ್ಲಿ ಮಾಡಿ ನೋಡಿದೆ. ಎತ್ತುವಾಗ ಅರ್ಧ ಹರಿದವು, ಉಳಿದದ್ದು ನಮ್ಮ ಬಿಸಿಲಿಗೆ ಬಿರುಕು ಬಿಟ್ಟವು. ಅಂಗಡಿಯ ಹಾಳೆಯಲ್ಲಿ ಹೆಚ್ಚಾಗಿ ಮರಗೆಣಸಿನ ಹಿಟ್ಟೂ ಇರುತ್ತದೆ, ಅದರಿಂದಲೇ ಆ ಜಿಗುಟು. ಪ್ಯಾಕೆಟ್ ಕೊಳ್ಳಿ. ಬಿರುಕು ಬಿಟ್ಟವನ್ನು ನಾನು ಎಣ್ಣೆಗೆ ಬಿಟ್ಟೆ, ಹಪ್ಪಳವಾಗಿ ಚೆನ್ನಾಗಿದ್ದವು.

ಪ್ರಶ್ನೆ: ಮಕ್ಕಳ ಡಬ್ಬಿಗೆ ಕಟ್ಟಬಹುದಾ?
– ಓದುಗರು, ಕೊಪ್ಪಳ

ಬೇಡ. ಮಧ್ಯಾಹ್ನದ ಹೊತ್ತಿಗೆ ಒಂದಕ್ಕೊಂದು ಅಂಟಿ, ಅಂಚು ಒಣಗಿ ಚರ್ಮದ ಹಾಗಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಗಟ್ಟಿಯೇ. ಭಾನುವಾರ ಸಂಜೆ ಮಾಡಿ, ಮಕ್ಕಳೇ ಸುತ್ತಲಿ. ಡಬ್ಬಿಗೆ ಚಿತ್ರಾನ್ನ ಸಾಕು.